ಯೋರುನ್ ಹೆಸರಲ್ಲಿ ಬಂದ ಉತ್ತರ

ಬ್ರೆನ್ವಿಕ್ ಬಂದರಿನ ಮೀನುಕಟ್ಟೆ ದಾಟಿ ಎಡಕ್ಕೆ ತಿರುಗಿದರೆ ಸಿಗುವ ಮೂರನೇ ಬಾಗಿಲು ಹಾಲ್ವಾರ್‌ನ ಅಂಗಡಿ. ಅಕಾರ್ಡಿಯನ್ ರಿಪೇರಿ ಅವನ ಕಸುಬು. ನಾರ್ವೆಯ ಈ ಕರಾವಳಿಯಲ್ಲಿ ಮೀನು ಹಿಡಿಯುವವರ ಮನೆಗಳಲ್ಲಿ ಮಂಚದ ಕೆಳಗೋ ಅಟ್ಟದ ಮೇಲೋ ಒಂದು ಅಕಾರ್ಡಿಯನ್ ಇದ್ದೇ ಇರುತ್ತದೆ. ಉಪ್ಪುಗಾಳಿಗೆ ಅದರೊಳಗೆ ಮೇಣದಲ್ಲಿ ಕೂರಿಸಿದ, ಸ್ವರ ಹೊರಡಿಸುವ ಲೋಹದ ರೀಡುಗಳಿಗೆ ತುಕ್ಕು ಹಿಡಿಯುತ್ತದೆ, ಗಾಳಿ ತುಂಬುವ ಮಡಿಕೆ ತಿದಿ ಸೀಳುತ್ತದೆ. ಹಾಗಾದಾಗ ಜನ ಪೆಟ್ಟಿಗೆ ಹೊತ್ತುಕೊಂಡು ಹಾಲ್ವಾರ್ ಹತ್ತಿರ ಬರುತ್ತಿದ್ದರು. ಬರುತ್ತಿದ್ದರು ಎಂದೇ ಹೇಳಬೇಕು. ಎರಡು ವರ್ಷದಿಂದ ಬಾಗಿಲು ತೆಗೆದಿಟ್ಟರೆ ಒಳಗೆ ಬರುತ್ತಿದ್ದದ್ದು ಗಾಳಿ ಮಾತ್ರ.

ಎರಡು ವರ್ಷವೆಂದರೆ ಅವನ ಹೆಂಡತಿ ಯೋರುನ್ ತೀರಿಕೊಂಡ ಮೇಲೆ.

ಅಂಗಡಿಯಲ್ಲಿ ಕೆಲಸ ಅವನದು, ಮಾತು ಅವಳದು. ಒಂದು ಜಾಲತಾಣದಲ್ಲಿ ಅಂಗಡಿಯ ಹೆಸರಲ್ಲಿ ಪುಟ ತೆರೆದು ಹನ್ನೆರಡು ವರ್ಷ ನಡೆಸಿದವಳೂ ಅವಳೇ. ರಿಪೇರಿಯಾದ ಪ್ರತಿಯೊಂದು ಪೆಟ್ಟಿಗೆಯ ಫೋಟೋ ಹಾಕುತ್ತಿದ್ದಳು. ಯಾರು ಏನೇ ಕೇಳಿದರೂ ಎರಡೇ ಸಾಲು ಉತ್ತರ. ಒಂದು ಸಾಲು ಬುದ್ಧಿಮಾತು, ಇನ್ನೊಂದು ತಮಾಷೆ. 'ಪೆಟ್ಟಿಗೆಯನ್ನು ಒಲೆಯ ಪಕ್ಕ ಇಡಬೇಡಿ, ಮೇಣ ಕರಗಿ ರೀಡುಗಳು ಉದುರುತ್ತವೆ. ಗಂಡನನ್ನು ಬೇಕಾದರೆ ಇಡಿ, ಅವನು ಕರಗುವುದಿಲ್ಲ.' ಇಂಥವು ನೂರಾರಿದ್ದವು.

ಹಾಲ್ವಾರ್ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಪುಟ ತೆರೆಯುತ್ತಿದ್ದ. ಹಿಂದಕ್ಕೆ ಹಿಂದಕ್ಕೆ ಸರಿಸುತ್ತಾ ಅವಳ ಮಾತು ಓದುತ್ತಿದ್ದ. ಓದುವುದಕ್ಕೆ ಯಾರಿಗೂ ಅಡ್ಡಿಯಿರಲಿಲ್ಲ, ಆದರೆ ಬರೆಯುವುದಕ್ಕೆ ಗುಪ್ತಪದ ಬೇಕು. ಅದು ಯೋರುನ್ ತಲೆಯಲ್ಲಿತ್ತು. ಅವಳು ಇನ್ನೊಬ್ಬರಿಗೆ ಹೇಳಿರಲಿಲ್ಲ, ಮನೆಯವರು ಕೇಳಿರಲೂ ಇಲ್ಲ. ಹೀಗಾಗಿ ಆಮೇಲೆ ಬಂದ ಪ್ರಶ್ನೆಗಳೆಲ್ಲ ಹಾಗೇ ಬಿದ್ದಿದ್ದವು. 'ಅಂಗಡಿ ಇನ್ನೂ ಇದೆಯಾ?' ಎಂದು ಒಬ್ಬರು ಕೇಳಿದ್ದರು. 'ತಿದಿ ಬದಲಿಸಿ ಕೊಡ್ತೀರಾ?' ಎಂದು ಇನ್ನೊಬ್ಬರು. ಉತ್ತರ ಬಾರದಿದ್ದರೆ ಜನ ಏನೆಂದುಕೊಳ್ಳುತ್ತಾರೆ? ಅಂಗಡಿ ಮುಚ್ಚಿತು ಎಂದುಕೊಂಡರು.

ಮಗಳು ಸಿಗ್ನೆಗೆ ಮೂವತ್ತನಾಲ್ಕು ವರ್ಷ. ತಂದೆಯ ಕಿವಿ, ತಾಯಿಯ ಬಾಯಿ. ವಾರದಲ್ಲಿ ಮೂರು ದಿನ ಅಂಗಡಿಯಲ್ಲಿ ಕೂತು ಸ್ವರ ಕೂಡಿಸುತ್ತಿದ್ದಳು. ಮಾರ್ಚ್ ತಿಂಗಳ ಕೊನೆಯ ಸೋಮವಾರ ಅವಳೇ ಮಾತು ತೆಗೆದಳು.

"ಅಪ್ಪ, ಬ್ರಿಗ್ಗಾ ಅಂತ ಹೊಸದೊಂದು ಜಾಲತಾಣ ಬಂದಿದೆ. ಕೇಳಿದ್ದೀಯಾ?"

"ಬ್ರಿಗ್ಗಾ ಅಂದ್ರೆ ಹಡಗುಕಟ್ಟೆ. ನಮ್ಮೂರಲ್ಲಿ ಒಂದಿದೆಯಲ್ಲ, ಸಾಲ್ದಾ?"

"ತಮಾಷೆ ಬೇಡ. ಬೇಕರಿಯವರು ಹೋದ್ರು, ಮೀನಿಗೆ ಹೊಗೆ ಹಾಕೋರು ಹೋದ್ರು. ನಾವು ಮಾತ್ರ ಇಲ್ಲೇ ಕೂತಿದ್ದೀವಿ. ನಿನ್ನೆ ಒಬ್ಬ ಫೋನ್ ಮಾಡಿದ್ದ. ಒಂದೇ ವಾರದಲ್ಲಿ ಐದು ಸಾವಿರ ಹಿಂಬಾಲಕರನ್ನ ಕೊಡಿಸ್ತಾನಂತೆ. ಅಲ್ಲಿ ಪುಟ ತೆರೆದು ಅದರ ಗುಪ್ತಪದ ಒಂದು ಕೊಟ್ಟರೆ ಸಾಕು, ಎಲ್ಲಾ ಅವನೇ ನೋಡ್ಕೋತಾನಂತೆ."

"ಐದು ಸಾವಿರ ಜನ ಹಿಂದೆ ಬಂದ್ರೆ ಎಲ್ಲಿ ಕೂರಿಸ್ತೀಯಾ? ನಮ್ಮಲ್ಲಿರೋದು ಎರಡು ಕುರ್ಚಿ, ಅದರಲ್ಲಿ ಒಂದು ಅಲ್ಲಾಡತ್ತೆ."

ಸಿಗ್ನೆಗೆ ನಗು ಬರಲಿಲ್ಲ. "ಹಳೇ ಪುಟದಲ್ಲಿ ಒಂದಕ್ಷರ ಬರೆಯೋಕಾಗಲ್ಲ. ಅದನ್ನ ಬಿಟ್ಟು ಹೊಸದಕ್ಕೆ ಹೋಗೋಣ ಅಪ್ಪ. ಇನ್ನೆಷ್ಟು ದಿನ ಅದನ್ನೇ ನೋಡ್ತಾ ಕೂರ್ತೀಯಾ?"

"ನೀನು ಹೋಗು. ಅವಳನ್ನ ಅಲ್ಲಿ ಬಿಟ್ಟು ನಾನು ಎಲ್ಲಿಗೂ ಬರಲ್ಲ."

ಸಿಗ್ನೆ ತನ್ನ ಕೆಲಸದ ಕಡೆ ತಿರುಗಿದಳು. ಅವಳಿಗೂ ಅಮ್ಮನೇ ಅಲ್ಲವೇ? ಆ ಪುಟವನ್ನು ಅವಳು ತೆರೆಯುತ್ತಿರಲಿಲ್ಲ, ತೆರೆದರೆ ಆ ದಿನ ಕೈಯಲ್ಲಿ ಕೆಲಸ ಸಾಗುತ್ತಿರಲಿಲ್ಲ. ಅಪ್ಪನಿಗೆ ಓದಿದರೆ ಸಮಾಧಾನ, ಮಗಳಿಗೆ ಓದದಿದ್ದರೆ ಸಮಾಧಾನ. ಹಂಬಲ ಇಬ್ಬರದೂ ಒಂದೇ.

ಅದಾದ ಎರಡನೇ ದಿನ, ಬುಧವಾರ ಬೆಳಿಗ್ಗೆ, ಕರಾವಳಿ ಹಡಗು ಬಂದು ಹೋದ ಸ್ವಲ್ಪ ಹೊತ್ತಿಗೆ ಅಂಗಡಿಯ ಗಂಟೆ ಸದ್ದಾಯಿತು. ನಲವತ್ತೈದರ ಆಸುಪಾಸಿನ ಹೆಂಗಸು. ಮಕ್ಕಳ ಹಿಮಬಂಡಿಯ ಮೇಲೆ ಅಕಾರ್ಡಿಯನ್ ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದು ಎಳೆದುಕೊಂಡು ಬಂದಿದ್ದಳು. ಮುಖ ಚಳಿಗೆ ಕೆಂಪಾಗಿತ್ತು, ಆದರೆ ನೆಂಟರ ಮನೆಗೆ ಬಂದವಳ ಹಾಗೆ ನಗುತ್ತಿದ್ದಳು.

"ಹಾಲ್ವಾರ್ ಅವರಲ್ವಾ? ಫೋಟೋದಲ್ಲಿ ನೋಡಿದ ಹಾಗೇ ಇದ್ದೀರಿ. ನಾನು ಸುನ್ನಿವಾ, ಉತ್ತರದ ಆಂಡೋಯಾ ದ್ವೀಪದಿಂದ. ಕಾದೂ ಕಾದೂ ಸಾಕಾಯ್ತು, ನಾನೇ ತಂದುಬಿಟ್ಟೆ."

"ಏನು ತಂದಿರಿ?"

"ನಮ್ಮಪ್ಪನ ಪೆಟ್ಟಿಗೆ. ಯೋರುನ್ ನಿಮಗೆ ಹೇಳಿಲ್ವಾ? ಮೊನ್ನೆ ಸೋಮವಾರ ಕೂಡ ಮಾತಾಡಿದ್ವಲ್ಲ."

ಹಾಲ್ವಾರ್ ಕೈಯಲ್ಲಿ ಮೇಣ ಕೆರೆಯುವ ಚಾಕು ಇತ್ತು. ಅದು ಅಲ್ಲೇ ನಿಂತಿತು. ಎರಡು ವರ್ಷದಲ್ಲಿ ಆ ಹೆಸರನ್ನು ಯಾರೂ ಹಾಗೆ, ಒಳಗೆ ಕಾಫಿ ಮಾಡುತ್ತಿರುವವಳ ಹೆಸರು ಹೇಳುವ ಹಾಗೆ, ಹೇಳಿರಲಿಲ್ಲ. ಸುಳ್ಳೆಂದು ಅವನಿಗೆ ಗೊತ್ತು. ಮಣ್ಣು ಹಾಕಿದ ಕೈ ಅವನದೇ. ಆದರೂ ಕಣ್ಣು ಒಳಕೋಣೆಯ ಬಾಗಿಲ ಕಡೆ ಹೋಗಿ ಬಂತು.

"ಏನಂದ್ಲು?" ಎಂದು ಕೇಳಿದ. ಕೇಳಬಾರದಿತ್ತು, ಕೇಳದೆ ಇರಲಾಗಲಿಲ್ಲ.

"ರೀಡು ಇನ್ನೂ ಬಂದಿಲ್ಲ, ಸ್ವಲ್ಪ ತಾಳಿ ಅಂದ್ರು. ನೋಡಿ, ಇಲ್ಲೇ ಇದೆ."

ಸುನ್ನಿವಾ ಫೋನ್ ಮುಂದೆ ಹಿಡಿದಳು. ಅದು ಬ್ರಿಗ್ಗಾದ ಒಂದು ಪುಟ. ಮೇಲೆ ಅವರದೇ ಅಂಗಡಿಯ ಹೆಸರು, ಅವರದೇ ಬಾಗಿಲು. ನೀಲಿ ಏಪ್ರನ್ ಕಟ್ಟಿಕೊಂಡು ನಿಂತ ಯೋರುನ್, ಪಕ್ಕದಲ್ಲಿ ಹಾಲ್ವಾರ್. ಕೆಳಗೆ ಸುನ್ನಿವಾ ಕೇಳಿದ ಮೊದಲ ಪ್ರಶ್ನೆಗೆ ಉತ್ತರ: 'ಪೆಟ್ಟಿಗೆಯನ್ನು ಒಲೆಯ ಪಕ್ಕ ಇಡಬೇಡಿ. ಗಂಡನನ್ನು ಬೇಕಾದರೆ ಇಡಿ.' ಅದರ ಕೆಳಗೆ ಇನ್ನೂ ನಾಲ್ಕಾರು ಮಾತು, ಎಲ್ಲವೂ ಅವಳವೇ, ಹಳೇ ಪುಟದಿಂದ ಕಿತ್ತು ತಂದವು. ಆಮೇಲೆ ಧಾಟಿ ಬದಲಾಗಿತ್ತು. 'ರೀಡು ಇಟಲಿಯಿಂದ ತರಿಸಬೇಕು. ಮುಂಗಡ ಈ ಖಾತೆಗೆ ಕಳಿಸಿ.' ಮೂರು ವಾರ ಬಿಟ್ಟು ಮತ್ತೊಂದು ಮುಂಗಡ. ಯೋರುನ್ ಬದುಕಿದ್ದಷ್ಟು ದಿನ ಕೆಲಸ ಮುಗಿಯುವ ಮೊದಲು ಒಂದು ಕ್ರೋನೆ ಕಾಸೂ ಕೇಳಿದವಳಲ್ಲ.

ಹಾಲ್ವಾರ್ ಫೋನನ್ನು ಹಿಂದಕ್ಕೆ ಕೊಡದೆ ನಿಂತೇ ಇದ್ದ. ಹೇಳಬೇಕಾದ್ದನ್ನು ಪಕ್ಕದ ಮೇಜಿನಲ್ಲಿ ಕೂತಿದ್ದ ಸಿಗ್ನೆಯೇ ಹೇಳಬೇಕಾಯಿತು. "ಕೂತ್ಕೊಳ್ಳಿ. ಇದು ನಮ್ಮ ಪುಟ ಅಲ್ಲ. ನಮ್ಮಮ್ಮ ತೀರಿಕೊಂಡು ಎರಡು ವರ್ಷ ಆಯ್ತು."

ಸುನ್ನಿವಾ ಅಲ್ಲಾಡುವ ಕುರ್ಚಿಯಲ್ಲೇ ಕೂತಳು. "ಹಾಗಾದ್ರೆ ನಾನು ಯಾರ ಹತ್ತಿರ ಮಾತಾಡಿದ್ದು?" ಎಂದಳು. "ದುಡ್ಡು ಹೋಯ್ತು, ಹೋಗ್ಲಿ. ಅಪ್ಪನ ವಿಷಯ ಎಲ್ಲಾ ಹೇಳ್ಕೊಂಡೆನಲ್ಲ. ಅವರು ಈಗ ವೃದ್ಧರ ಆರೈಕೆ ಮನೆಯಲ್ಲಿದ್ದಾರೆ, ನನ್ನ ಗುರುತು ಹತ್ತಲ್ಲ, ಆದ್ರೆ ಹೊದಿಕೆ ಮೇಲೆ ಬೆರಳು ಆಡಿಸ್ತಾರೆ, ನುಡಿಸೋ ಹಾಗೆ. ಆ ಪೆಟ್ಟಿಗೆ ಒಂದು ಸಲ ಅವರ ಕಿವಿಗೆ ಬಿದ್ದರೆ ಸಾಕು ಅಂತ ಬರೆದಿದ್ದೆ. 'ನಿಮ್ಮ ನೋವು ನನಗೆ ಅರ್ಥವಾಗುತ್ತದೆ' ಅಂತ ಉತ್ತರ ಬಂದಿತ್ತು. ಅದನ್ನ ಓದಿ ಅತ್ತಿದ್ದೆ ನಾನು."

ಹಾಲ್ವಾರ್ ಬಗ್ಗಿ ಹಿಮಬಂಡಿಯ ಹಗ್ಗ ಬಿಚ್ಚಿದ. ಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಕಪ್ಪು ಅಕಾರ್ಡಿಯನ್, ಅಂಚಿನ ಹೊಳಪು ಹಾರಿದೆ, ತಿದಿಯ ಮೂಲೆಯಲ್ಲಿ ಎರಡು ಕಡೆ ಸೀಳು.

"ಎರಡು ವಾರ ಬಿಡಿ," ಎಂದ. "ಮುಂಗಡ ಬೇಡ."

ಉತ್ತರಕ್ಕೆ ಹೋಗುವ ಹಡಗು ಇನ್ನು ಮರುದಿನವೇ. ಆ ರಾತ್ರಿ ಸುನ್ನಿವಾ ಅವರ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಸಿಗ್ನೆ ಅಪ್ಪನನ್ನೂ ಅವಳನ್ನೂ ಎಬ್ಬಿಸಿಕೊಂಡು ಊರ ಗ್ರಂಥಾಲಯಕ್ಕೆ ಹೊರಟಳು. ಅಲ್ಲಿ ಗುರುವಾರ ಗುರುವಾರ ಗುನ್ವೊರ್ ಕೂತಿರುತ್ತಾಳೆ. ಗ್ರಂಥಾಲಯ ನೋಡಿಕೊಳ್ಳುವವಳು ಅವಳೇ. ಫೋನು, ಕಂಪ್ಯೂಟರು, ಸರ್ಕಾರಿ ಅರ್ಜಿ, ಏನೇ ತಲೆನೋವಿದ್ದರೂ ಊರಿನವರು ಆ ದಿನ ಅವಳ ಮುಂದೆ ಹರವುತ್ತಾರೆ. ಅವಳು ಅಚ್ಚಿನಂಥ ಕಾವಲಿಯಲ್ಲಿ ದೋಸೆಯಂಥ ವಾಫಲ್ ಹುಯ್ಯುತ್ತಾ ಕೇಳಿಸಿಕೊಳ್ಳುತ್ತಾಳೆ. ಚರ್ಚಿನ ಹಾಡುಗಾರರ ಸಾಲಿನಲ್ಲಿ ಯೋರುನ್ ಪಕ್ಕ ಹದಿನೆಂಟು ವರ್ಷ ನಿಂತವಳು.

ಎಲ್ಲವನ್ನೂ ಕೇಳಿದ ಮೇಲೆ ಅವಳು ಕಾವಲಿಯ ಉರಿ ಆರಿಸಿದಳು.

"ಮೊದಲು ಸುನ್ನಿವಾ ಕೆಲಸ ಆಗ್ಲಿ. ಆ ಪುಟದ, ಆ ಮಾತುಕತೆಯ, ಖಾತೆ ನಂಬರಿನ ಫೋಟೋ ತೆಗೆದಿಟ್ಕೊಳ್ಳಿ. ಏನನ್ನೂ ಅಳಿಸಬೇಡಿ, ಸಿಟ್ಟಲ್ಲಿ ಅವನಿಗೆ ಬೈದು ಬರೀಬೇಡಿ. ಬೈದ್ರೆ ಪುಟ ಕಿತ್ಕೊಂಡು ಓಡ್ತಾನೆ, ಗುರುತು ಸಿಗಲ್ಲ. ಈಗ್ಲೇ ಬ್ಯಾಂಕಿಗೆ ಫೋನ್ ಮಾಡಿ. ಆಮೇಲೆ ಪೊಲೀಸ್ ಠಾಣೆ. ಹಾಲ್ವಾರ್, ನೀನೂ ದೂರು ಕೊಡು. ಕದ್ದಿರೋದು ನಿನ್ನ ಹೆಸರು."

"ನನ್ನ ಹೆಸರು ಕದ್ಕೊಂಡ್ರೆ ಕದ್ಕೊಳ್ಳಲಿ," ಎಂದ ಹಾಲ್ವಾರ್. "ಅವಳ ಮಾತು ಯಾಕೆ ಕದೀಬೇಕಿತ್ತು?"

ಗುನ್ವೊರ್ ಮೇಜಿನ ಮೇಲಿನ ಫೋನನ್ನು ಸುನ್ನಿವಾ ಕಡೆ ಸರಿಸಿದಳು.

ಬ್ಯಾಂಕಿಗೆ ಫೋನ್ ಮಾಡಿ, ಠಾಣೆಯಲ್ಲಿ ದೂರು ಕೊಟ್ಟು ಬಂದು ಕೂತ ಮೇಲೆ ಹಾಲ್ವಾರ್ ತಾನೇ ಮುಂದುವರಿಸಿದ. "ಇದಕ್ಕೇ ನಾನು ಬೇಡ ಅನ್ನೋದು ಗುನ್ವೊರ್. ಈ ಹೊಸ ಕಟ್ಟೆ ಬರೀ ಕಳ್ಳರ ಸಂತೆ. ನಾನು ಅದರ ಹತ್ತಿರ ಸುಳಿಯಲ್ಲ."

"ನೀನು ಸುಳೀದೆ ಇದ್ದದ್ದಕ್ಕೇ ಕಳ್ಳ ಸುಳಿದದ್ದು ಕಣೋ. ಖಾಲಿ ಜಾಗ ಕಂಡ್ರೆ ಯಾರಾದ್ರೂ ಗೂಟ ಹೊಡೀತಾರೆ. ಹೊಸ ಜಾಲತಾಣ ಬಂತು ಅಂದ್ರೆ ನೀನು ಅಲ್ಲಿ ವ್ಯಾಪಾರ ಮಾಡ್ತೀಯೋ ಬಿಡ್ತೀಯೋ, ಮೊದಲ ವಾರವೇ ಅಂಗಡಿ ಹೆಸರನ್ನ ಅಲ್ಲಿ ನಿನ್ನದು ಮಾಡ್ಕೊಂಡುಬಿಡಬೇಕು. 'ನಾವು ಇಂಥ ಕಡೆ ಇದ್ದೀವಿ' ಅಂತ ವಿಳಾಸ ಬರೆದಿಟ್ಟು ಸುಮ್ಮನಿದ್ರೂ ಸಾಕು."

ಸಿಗ್ನೆಯ ಮುಖದಲ್ಲಿ ಗೆದ್ದ ಕಳೆ ಕಂಡಿತು. "ನಾನು ಅದನ್ನೇ ಹೇಳಿದ್ದು. ಹಳೇದು ಬಿಟ್ಟು ಪೂರ್ತಿ ಅಲ್ಲಿಗೆ ಹೋಗೋಣ ಅಂತ."

"ನಿನ್ನ ಕಿವಿ ಹಿಂಡೋದೂ ಬಾಕಿ ಇದೆ, ಇರು. ನಿನಗೆ ಫೋನ್ ಮಾಡಿದ್ನಲ್ಲ ಒಬ್ಬ, ಐದು ಸಾವಿರ ಜನ ಕೊಡ್ತೀನಿ ಅಂತ. ಅವನಿಗೆ ಗುಪ್ತಪದ ಕೊಟ್ಟೆಯಾ?"

"ಇಲ್ಲ."

"ದೇವರು ದೊಡ್ಡವನು. ಅವನು ಕೊಡೋ ಐದು ಸಾವಿರದಲ್ಲಿ ಒಬ್ಬನಿಗೂ ಅಕಾರ್ಡಿಯನ್ ಇರಲ್ಲ, ಕೈಬೆರಳೂ ಇರಲ್ಲ. ಲೆಕ್ಕಕ್ಕೆ ತುಂಬಿದ ಸುಳ್ಳು ಹೆಸರುಗಳು ಅವು. ಗುಪ್ತಪದ ಅಂದ್ರೆ ಗಲ್ಲಾಪೆಟ್ಟಿಗೆ ಬೀಗದಕೈ. ಗೊತ್ತಿಲ್ದವನಿಗೆ ಯಾರಾದ್ರೂ ಕೊಡ್ತಾರಾ?"

"ಹಾಗಾದ್ರೆ ಹೋಗಬೇಕೋ, ಬೇಡವೋ? ಒಂದು ಹೇಳು," ಎಂದ ಹಾಲ್ವಾರ್.

"ಒಂದು ಹೇಳೋ ವಿಷಯ ಅಲ್ಲ ಇದು. ನಿನ್ನ ಗಿರಾಕಿಗಳು ಎಲ್ಲಿದ್ದಾರೆ? ಹತ್ತು ಜನಕ್ಕೆ ಫೋನ್ ಮಾಡಿ ಕೇಳು, ಬ್ರಿಗ್ಗಾದಲ್ಲಿ ಇದ್ದೀರಾ ಅಂತ. ಯಾರೂ ಇಲ್ಲ ಅಂದ್ರೆ ಹೆಸರು ಹಿಡಿದಿಟ್ಟು ಕಾಯಿ. ಇದ್ದಾರೆ ಅಂದ್ರೆ ದಿನಕ್ಕೆ ಅರ್ಧ ಗಂಟೆ ಇಟ್ಕೊಂಡು ಮೂರು ತಿಂಗಳು ನೋಡು. ಎಷ್ಟು ಜನ ಮೆಚ್ಚಿದ್ರು ಅಂತ ಎಣಿಸಬೇಡ. ಎಷ್ಟು ಜನ ಪೆಟ್ಟಿಗೆ ಹೊತ್ತು ಬಾಗಿಲಿಗೆ ಬಂದ್ರು, ಅದನ್ನ ಎಣಿಸು."

"ಅದು ಪುಕ್ಕಟೆ ಅಲ್ವಾ?" ಎಂದು ಸುನ್ನಿವಾ ಕೇಳಿದಳು.

"ಇವತ್ತು ಪುಕ್ಕಟೆ. ಮುಂದಿನ ವರ್ಷ ಬಾಡಿಗೆ ಕೇಳಬಹುದು, ದುಡ್ಡು ಕೊಡದವರ ಪುಟ ಯಾರಿಗೂ ಕಾಣದ ಹಾಗೆ ಮಾಡಬಹುದು, ನಷ್ಟ ಆಯ್ತು ಅಂತ ಬಾಗಿಲೇ ಹಾಕಬಹುದು. ಕಟ್ಟೆ ಅವರದು, ನಾವು ಅಲ್ಲಿ ಬುಟ್ಟಿ ಇಟ್ಕೊಂಡು ಕೂರೋರು. ಅದಕ್ಕೇ ಸೇರೋ ಮೊದಲು ಷರತ್ತು ಓದಬೇಕು. ನಾವು ಹಾಕಿದ ಫೋಟೋನ ಅವರು ಎಲ್ಲೆಲ್ಲಿ ಬಳಸಬಹುದು, ನಾವು ಬಿಟ್ಟು ಹೋಗೋವಾಗ ನಮ್ಮದನ್ನ ವಾಪಸ್ ತಗೊಂಡು ಹೋಗಬಹುದಾ, ಈ ಎರಡಾದ್ರೂ ನೋಡ್ಕೋಬೇಕು. ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರು ಅವರನ್ನ ಕೇಳಿ, ಅವರು ಒಪ್ಪಿದ ಮೇಲೆ, ನಮ್ಮ ಪುಸ್ತಕದಲ್ಲೇ ಬರೆದಿಟ್ಕೋಬೇಕು. ನಾಳೆ ಕಟ್ಟೆ ಮುಳುಗಿದ್ರೂ ಪುಸ್ತಕ ನಮ್ಮ ಹತ್ತಿರ ಇರತ್ತೆ."

ಹಾಲ್ವಾರ್ ತಟ್ಟೆಯಲ್ಲಿದ್ದ ವಾಫಲ್ ಮುಟ್ಟಿರಲಿಲ್ಲ. ಅದರ ಮೇಲಿನ ಕಂದು ಬಣ್ಣದ ಚೀಸ್ ಹೋಳು ಬೆವರುತ್ತಿತ್ತು. ತಲೆ ಎತ್ತದೆ ಕೇಳಿದ. "ಹಳೇ ಕಟ್ಟೆಯೂ ಬಾಗಿಲು ಹಾಕಬಹುದಾ?"

ಗುನ್ವೊರ್‌ಗೆ ಅವನು ಕೇಳುತ್ತಿರುವುದು ಅರ್ಥವಾಯಿತು. ಅವಳ ದನಿ ತಗ್ಗಿತು.

"ಹಾಕಬಹುದು. ಅದೂ ಬಾಡಿಗೆ ಮನೆಯೇ. ಹನ್ನೆರಡು ವರ್ಷದ ಯೋರುನ್ ಅಲ್ಲಿ ಇದ್ದಾಳೆ, ಆದ್ರೆ ಮನೆ ಯಜಮಾನ ಬೇರೆಯವನು. ನಾಳೆ ಬೆಳಿಗ್ಗೆ ನೀನು ಕಾಫಿ ಹಿಡ್ಕೊಂಡು ಕೂತಾಗ ಅದು ತೆರೀದೆ ಹೋದ್ರೆ ಯಾರನ್ನ ಕೇಳ್ತೀಯಾ? ನೀನು ಹಂಬಲಿಸೋದು ತಪ್ಪು ಅಂತ ನಾನು ಹೇಳಲ್ಲ ಕಣೋ. ನನಗೂ ಭಾನುವಾರ ಬಂದ್ರೆ ಎಡಗಡೆ ಖಾಲಿ ಅನ್ಸತ್ತೆ. ಆದ್ರೆ ಇಷ್ಟು ಹಂಬಲ ಇರೋನು ಅದನ್ನ ಕಂಡವರ ಮನೆಯಲ್ಲಿ ಇಡ್ತಾನಾ? ಮನೆಗೆ ಕರ್ಕೊಂಡು ಬಾ ಅವಳನ್ನ."

ಹಾಲ್ವಾರ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದ. ಬಹಳ ಹೊತ್ತು ಒರೆಸಿದ. ಸಿಗ್ನೆ ಅವನ ಭುಜದ ಮೇಲೆ ಕೈಯಿಟ್ಟಳು.

"ಹೆಂಗೆ ತರೋದು, ಹೇಳು," ಎಂದ ಕೊನೆಗೆ.

ಅಂದೇ ಶುರುವಾಯಿತು ಕೆಲಸ. ಯೋರುನ್ ಮರಣಪತ್ರ, ಅಂಗಡಿಯ ನೋಂದಣಿ ಪತ್ರ, ಸಿಗ್ನೆಯ ಗುರುತುಚೀಟಿ ಎಲ್ಲ ಸೇರಿಸಿ ಹಳೇ ಜಾಲತಾಣದವರಿಗೆ ಅರ್ಜಿ ಹೋಯಿತು. ಅದೇ ಮಧ್ಯಾಹ್ನ ಬ್ರಿಗ್ಗಾದಲ್ಲಿ ಸುಳ್ಳು ಪುಟದ ಮೇಲೆ ದೂರು ಕೊಟ್ಟು, ತಮ್ಮದೇ ನಿಜವಾದ ಪುಟ ತೆರೆದರು. ಇಬ್ಬರ ಕೈಯಲ್ಲೂ ಬೀಗದಕೈ ಇರುವ ಹಾಗೆ, ಅಪ್ಪ ಮಗಳು ಇಬ್ಬರ ಹೆಸರಲ್ಲಿ. ಯಾರೇ ಒಳಗೆ ಬರಬೇಕಾದರೂ ಗುಪ್ತಪದದ ಜೊತೆಗೆ ಫೋನಿಗೆ ಬರುವ ಇನ್ನೊಂದು ಅಂಕಿಯೂ ಬೇಕು, ಹಾಗೆ ಗುನ್ವೊರ್ ಮಾಡಿಸಿದಳು.

"ಮೊದಲ ಮಾತು ಏನು ಬರೀಲಿ?" ಎಂದು ಸಿಗ್ನೆ ಕೇಳಿದಳು. "ವಸಂತಕ್ಕೆ ರಿಯಾಯಿತಿ ಅಂತ ಹಾಕ್ಲಾ?"

"ಇಲ್ಲಿ ಕೊಡು," ಎಂದು ಹಾಲ್ವಾರ್ ಫೋನ್ ತೆಗೆದುಕೊಂಡ. ಒಂದೊಂದೇ ಅಕ್ಷರ ಒತ್ತಿ ಬರೆಯುವುದಕ್ಕೆ ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು.

'ನಾನು ಹಾಲ್ವಾರ್. ಬ್ರೆನ್ವಿಕ್‌ನಲ್ಲಿ ಅಕಾರ್ಡಿಯನ್ ರಿಪೇರಿ ಮಾಡುತ್ತೇನೆ. ಅಂಗಡಿ ಇದೆ. ನನ್ನ ಹೆಂಡತಿ ಯೋರುನ್ ಇಲ್ಲ, ಎರಡು ವರ್ಷವಾಯಿತು. ಅವಳ ಹೆಸರಲ್ಲಿ ಯಾರಾದರೂ ನಿಮ್ಮ ಹತ್ತಿರ ಮಾತಾಡಿ ಹಣ ಕೇಳಿದರೆ ಅದು ಅವಳಲ್ಲ. ಅವಳಾಗಿದ್ದರೆ ಮೊದಲು ನನಗೆ ಹೇಳುತ್ತಿದ್ದಳು.'

ಸಿಗ್ನೆ ಅದನ್ನು ಓದಿ, ಒಂದಕ್ಷರ ತಿದ್ದದೆ ಹಾಗೇ ಹಾಕಿದಳು. ಫೋಟೋಗೆ ಅವನ ಕೈ, ಕೈಯ ಕೆಳಗೆ ಬಿಚ್ಚಿದ ತಿದಿ. ಸುನ್ನಿವಾಳ ಪೆಟ್ಟಿಗೆಯಾದ್ದರಿಂದ ಅವಳನ್ನು ಕೇಳಿ, ಅವಳು ಸರಿ ಎಂದ ಮೇಲೆ. ಹತ್ತಿರದ ಊರಿನ ಇಬ್ಬರು ಅದನ್ನು ಓದಿ ತಾವೂ ಮುಂಗಡ ಕೊಟ್ಟಿದ್ದಾಗಿ ಬರೆದರು. ಅವರೂ ದೂರು ಕೊಟ್ಟರು. ಒಂಬತ್ತು ದಿನಕ್ಕೆ ಸುಳ್ಳು ಪುಟ ಇಳಿಯಿತು. ಕಳ್ಳ ಸಿಕ್ಕಿಲ್ಲ, ಸುನ್ನಿವಾಳ ಎರಡನೇ ಮುಂಗಡವನ್ನು ಬ್ಯಾಂಕು ತಡೆದು ಹಿಂದಕ್ಕೆ ತಂದಿತು, ಮೊದಲನೆಯದು ಹೋದದ್ದು ಹೋಯಿತು.

ಐದು ವಾರ ಕಳೆದ ಮೇಲೆ, ಮೇ ತಿಂಗಳ ಶುರುವಿನಲ್ಲಿ, ಹಳೇ ಪುಟದ ಬೀಗ ತೆರೆಯಿತು. ಹನ್ನೆರಡು ವರ್ಷದ ಫೋಟೋ, ಮಾತು ಎಲ್ಲವನ್ನೂ ಸಿಗ್ನೆ ಇಳಿಸಿಕೊಂಡಳು. ಒಂದು ಪ್ರತಿ ಅಂಗಡಿಯ ಕಪಾಟಿನಲ್ಲಿ, ಇನ್ನೊಂದು ಅವಳ ಮನೆಯಲ್ಲಿ. ಅಂದು ಅಮ್ಮನ ಮಾತುಗಳನ್ನು ಅವಳೂ ಮೊದಲ ಸಲ ಕೂತು ಓದಿದಳು. ಅಪ್ಪ ಮಗಳು ಒಂದೇ ಪರದೆಗೆ ತಲೆ ಕೊಟ್ಟು, ಒಬ್ಬರು ನಕ್ಕಾಗ ಇನ್ನೊಬ್ಬರು ಮೂಗು ಒರೆಸಿಕೊಳ್ಳುತ್ತಾ ಮಧ್ಯಾಹ್ನ ಕಳೆದರು. ಅಂಗಡಿಗೆ ಬಂದ ಅಂಚೆಯವನು ಅವರನ್ನು ನೋಡಿ ಕಾಗದ ಮೆಲ್ಲಗೆ ಬಾಗಿಲ ಬಳಿಯಿಟ್ಟು ಹೋದ.

ಉತ್ತರವಿಲ್ಲದೆ ಬಿದ್ದ ಪ್ರಶ್ನೆಗಳು ನಲವತ್ತೊಂದಿದ್ದವು. ಹಾಲ್ವಾರ್ ಒಂದೊಂದಕ್ಕೂ ತಾನೇ ಬರೆದ. 'ಅಂಗಡಿ ಇದೆ. ತಡವಾಯಿತು, ಕ್ಷಮಿಸಿ.' ಕೆಲವರು ಆಗಲೇ ಬೇರೆ ಕಡೆ ರಿಪೇರಿ ಮಾಡಿಸಿದ್ದರು. ಒಬ್ಬ ಹೆಂಗಸು, 'ನನ್ನ ತಮ್ಮನಿಗಾಗಿ ಕೇಳಿದ್ದೆ, ಅವನು ಹೋದ ವರ್ಷ ಹೋಗಿಬಿಟ್ಟ' ಎಂದು ಬರೆದಳು. ಅದನ್ನು ಓದಿ ಹಾಲ್ವಾರ್ ಆ ದಿನ ಅಂಗಡಿ ಬೇಗ ಮುಚ್ಚಿದ. ಎರಡು ವರ್ಷ ಅವನು ಹೆಂಡತಿಯ ಮಾತು ಕೇಳುತ್ತಾ ಕೂತಿದ್ದ ಜಾಗದಲ್ಲೇ ಇಷ್ಟು ಜನ ಅವನ ಮಾತಿಗೆ ಕಾದು ಕೂತಿದ್ದರು. ಅವನಿಗದು ಕಂಡಿರಲಿಲ್ಲ.

ಮೂರು ತಿಂಗಳಿಗೆ ಗುನ್ವೊರ್ ಬಂದು, "ಎಣಿಸಿದೆಯಾ?" ಎಂದಳು. ಎಣಿಸಿದ್ದ. ಹದಿಮೂರು ಪೆಟ್ಟಿಗೆ ಬಂದಿದ್ದವು. ಎಂಟು ಹಳೇ ಪುಟದಿಂದ, ಹಳೇ ಗಿರಾಕಿಗಳ ಬಾಯಿಂದ. ಬ್ರಿಗ್ಗಾದಿಂದ ಬಂದದ್ದು ಐದು. ಐದೂ ಮೂವತ್ತರೊಳಗಿನವರದು, ಅಜ್ಜನ ಪೆಟ್ಟಿಗೆ ಅಟ್ಟದಿಂದ ಇಳಿಸಿಕೊಂಡು ಬಂದವರು. ಹೊಸ ಕಟ್ಟೆ ಅಂಗಡಿಯನ್ನು ಮೇಲಕ್ಕೆತ್ತಿ ಮೆರೆಸಲಿಲ್ಲ. ಆದರೆ ಆ ಐದು ಜನ ಬೇರೆಲ್ಲೂ ಸಿಗುತ್ತಿರಲಿಲ್ಲ ಎಂದು ಹಾಲ್ವಾರ್ ಒಪ್ಪಿಕೊಂಡ. ಇನ್ನೂ ಮೂರು ತಿಂಗಳು ನೋಡೋಣ ಎಂದದ್ದೂ ಅವನೇ.

ಸುನ್ನಿವಾಳ ಪೆಟ್ಟಿಗೆ ಹೇಳಿದ ಎರಡು ವಾರಕ್ಕೇ ಆಂಡೋಯಾ ಸೇರಿತ್ತು. ಸೇರಿದ ಮರುದಿನವೇ ಅವಳಿಂದ ಫೋನ್ ಬಂದಿತ್ತು.

"ಅಪ್ಪ ನುಡಿಸಲಿಲ್ಲ," ಎಂದಳು. "ಅಷ್ಟು ಭಾರ ಅವರಿಂದ ಆಗಲ್ಲ. ನಾನೇ ತಿದಿ ಎಳೆದೆ, ಗುಂಡಿ ಅವರು ಒತ್ತಿದ್ರು. ಒಂದು ಹಾಡು ಪೂರ್ತಿ ಬಂತು. ಈಗ್ಲೂ ನನ್ನ ಯಾರು ಅಂತ ಗೊತ್ತಾಗಲಿಲ್ಲ ಅವರಿಗೆ. ನರ್ಸ್ ಅಂದ್ಕೊಂಡು, ರಿಪೇರಿ ಮಾಡಿದವನಿಗೆ ಹೇಳಮ್ಮ, ಎಡಗೈ ಕಡೆ ಒಂದು ಸ್ವರ ಇನ್ನೂ ಇಳಿದಿದೆ ಅಂದ್ರು."

ಹಾಲ್ವಾರ್ ಎದೆಯಾಳದಿಂದ ನಕ್ಕ. ಆ ಸ್ವರ ಇಳಿದದ್ದು ಅವನಿಗೆ ಗೊತ್ತಿತ್ತು. ಯಾರಿಗೂ ಗೊತ್ತಾಗುವುದಿಲ್ಲ ಎಂದು ಬಿಟ್ಟಿದ್ದ. "ಅವರು ಹೇಳಿದ್ದು ಸರಿ," ಎಂದ. "ಮುಂದಿನ ಹಡಗಿಗೆ ನಾನೇ ಬಂದು ಸರಿ ಮಾಡಿ ಹೋಗ್ತೀನಿ ಅಂತ ಹೇಳಿ."

ಫೋನ್ ಇಟ್ಟ ಮೇಲೆ ಇದನ್ನು ಯೋರುನ್‌ಗೆ ಹೇಳಬೇಕು ಎನ್ನಿಸಿತು. ಹೇಳಲು ಅವಳಿರಲಿಲ್ಲ. ಮಗಳನ್ನು ಕರೆದು ಹೇಳಿದ.

ಅಂಗಡಿ ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ಹಪ್ಪಳ ಮಾಡುವವರೇ, ಬಟ್ಟೆ ಹೊಲಿಯುವವರೇ, ಈ ಕಥೆ ದೂರದ ಊರಿನದು, ಆದರೆ ಅಂಗಡಿ ಎಲ್ಲ ಕಡೆಯೂ ಅಂಗಡಿಯೇ. ಹೊಸ ಜಾಲತಾಣ ಬಂದರೆ ಹೆದರಿ ಓಡಬೇಡಿ, ಹುಚ್ಚೆದ್ದು ನುಗ್ಗಲೂ ಬೇಡಿ. ನಿಮ್ಮ ಅಂಗಡಿಯ ಹೆಸರನ್ನು ಬೇರೆಯವರು ಹಿಡಿಯುವ ಮೊದಲು ನೀವೇ ಹಿಡಿದಿಡಿ. ಅಲ್ಲಿ ನಿಮ್ಮ ಗಿರಾಕಿ ಇದ್ದಾರೆಯೇ ಎಂದು ವಿಚಾರಿಸಿ, ಷರತ್ತು ಓದಿ, ಸ್ವಲ್ಪ ದಿನ ನಡೆಸಿ ನೋಡಿ. ಹಿಂಬಾಲಕರನ್ನು ಮಾರುವವನಿಗೆ ಬಾಗಿಲು ತೋರಿಸಿ. ನಿಮ್ಮ ಫೋಟೋ, ನಿಮ್ಮ ಮಾತು, ನಿಮ್ಮ ಗಿರಾಕಿಗಳ ವಿಳಾಸ, ಇವುಗಳ ಒಂದು ಪ್ರತಿ ನಿಮ್ಮ ಮನೆಯಲ್ಲೂ ಇರಲಿ. ಮೋಸ ಕಂಡರೆ ನಾಚಿಕೊಂಡು ಸುಮ್ಮನಾಗದೆ ಅಂದೇ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ.

ಮತ್ತೆ ಇವತ್ತು ಅಂಗಡಿ ಮುಚ್ಚುವ ಮೊದಲು ಮನೆಯವರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಅಂಗಡಿಯ ಪುಟ ಹೇಗೆ ತೆರೆಯುವುದೆಂದು ಕಲಿಸಿಕೊಡಿ. ಹೇಳಿಕೊಡುವವರು ಇರುವಾಗಲೇ ಹೇಳಿಕೊಡಬೇಕು.